ಕಾಳಜಿ ಇಲ್ಲದ ಹಕ್ಕಿ

ಅಂದು ಬೆಳಿಗ್ಗೆ ಐನಾಪುರದ ದ್ರಾಕ್ಷಿ ತೋಟಗಳ ಮೇಲೆ ದಟ್ಟ ಮಂಜು ಇಳಿದಿತ್ತು. ಶಾಲೆಯ ಅಂಗಳದ ಬೇವಿನ ಮರವೂ ಕಾಣುತ್ತಿರಲಿಲ್ಲ. ಒಳಗೆ ಶುಭಾಂಗಿ ತನ್ನ ಹಕ್ಕಿಯ ಚಿತ್ರವನ್ನು ಚಾರ್ಟಿನ ನಟ್ಟನಡುವೆ ಅಂಟಿಸುತ್ತಿದ್ದಳು.

"ನನ್ನ ಹಕ್ಕಿ ಎಲ್ಲಿ ಹಚ್ಚಲಿ?" ಎಂದಳು ಹೊಳೆವ್ವ.

ಮಲಕಾರಿ ಸರ್ ಇಬ್ಬರಿಗೂ ಸೇರಿ ಒಂದೇ ಚಾರ್ಟ್ ಕೊಟ್ಟಿದ್ದರು. ಮರದ ಬೊಡ್ಡೆಯ ಮೇಲೆ ತಲೆಕೆಳಗಾಗಿ ಇಳಿಯುವ ನಟ್‌ಹ್ಯಾಚ್ ಎಂಬ ಹಕ್ಕಿಯ ಎರಡು ಜಾತಿಗಳನ್ನು ಹೋಲಿಸಬೇಕಿತ್ತು. ಬರ್ಮಾ, ಥಾಯ್ಲೆಂಡಿನ ಗುಡ್ಡಗಾಡಿನ ಜೈಂಟ್ ನಟ್‌ಹ್ಯಾಚ್ ಶುಭಾಂಗಿಯದು. ಕಾಡು ಕಡಿದು ಕಡಿದು ಅದು ಅಳಿವಿನ ಅಂಚಿಗೆ ಬಂದಿದೆ. ನಮ್ಮ ದೇಶದ, ಕೆಂಗಂದು ಹೊಟ್ಟೆಯ ಚಿಕ್ಕದು ಹೊಳೆವ್ವನದು. ಅದರ ಹೆಸರಿನ ಮುಂದೆ ಸರ್ 'ಲೀಸ್ಟ್ ಕನ್ಸರ್ನ್' ಎಂದಷ್ಟೇ ಬರೆದಿದ್ದರು.

ಶುಭಾಂಗಿ ಡಿಕ್ಷನರಿ ನೋಡಿ ಮೂಗು ಮುರಿದಳು. "ಕನ್ಸರ್ನ್ ಅಂದ್ರ ಕಾಳಜಿ. ನಿನ್ನ ಹಕ್ಕಿದು ಯಾರಿಗೂ ಕಾಳಜಿ ಇಲ್ಲಂತ ನೋಡಬೇ. ನನ್ನದಕ್ಕ ಜಗತ್ತ ಅಳಾಕತ್ತೈತಿ."

"ಅದನ್ನ ಹೊಳೆವ್ವನ ಅಪ್ಪನ ಆಡಿನ ಹಿಂಡಿನ್ಯಾಗ ಬಿಡ್ರಿ," ಎಂದ ಹಿಂದಿನ ಬೆಂಚಿನ ವಿಶ್ವಾಸ. ಎಲ್ಲರೂ ನಕ್ಕರು.

ಹೊಳೆವ್ವ ನಗಲಿಲ್ಲ. ನಾಳೆ ಚಾರ್ಟ್ ಗೋಡೆಗೆ ಏರುತ್ತದೆ. ಅದರಲ್ಲಿ ಅವಳ ಹಕ್ಕಿಗೆ ಜಾಗವೇ ಇಲ್ಲ. ಚಿತ್ರವನ್ನು ಎದೆಗೊತ್ತಿಕೊಂಡು ಕುಳಿತಳು.

ಸಂಜೆ ಶುಭಾಂಗಿ ಮನೆಗೆ ಬಂದಾಗ ಅಜ್ಜಿ ತುಳಸವ್ವ ಜ್ವರದಿಂದ ಮಲಗಿದ್ದ ಅವಳ ಪುಟ್ಟ ತಮ್ಮನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಕಿವಿಯ ಹತ್ತಿರ ಫೋನ್ ಇತ್ತು. ಅಥಣಿಯ ಅತ್ತೆ ಮಕ್ಕಳ ಕ್ಷೇಮ ಕೇಳುತ್ತಿದ್ದಳು.

"ಸಣ್ಣಂವಂದ ಕಾಳಜಿ ಹತ್ತೈತಿ," ಎಂದಳು ಅಜ್ಜಿ. "ಶುಭಾಂಗಿದೇನು ಕಾಳಜಿ ಇಲ್ಲ."

ಶುಭಾಂಗಿಯ ಕಣ್ಣು ತುಂಬಿತು. ಅಜ್ಜಿ ಫೋನ್ ಇಟ್ಟೊಡನೆ ಕೇಳಿದಳು: "ಅಂದ್ರ ನಾ ಯಾರಿಗೂ ಬ್ಯಾಡೇನಬೇ ಆಯಿ?"

"ಹುಚ್ಚ ಹುಡುಗಿ! ನೀ ಗಟ್ಟಿ ಅದಿ, ಉಣ್ತಿ, ಆಡ್ತಿ. ಶಿವಾ ಹಿಂಗ ಇಡ್ಲಿ ಅಂತ ಕೈ ಮುಗೀತೀನಿ. ಕಾಳಜಿ ಇಲ್ಲಂದ್ರ ಬ್ಯಾಡ ಅಂತ ಯಾವಾಕಿ ಹೇಳಿದ್ಳ ನಿನಗ?"

ಹಾಗೆ ಹೇಳಿದವಳು ತಾನೇ ಎಂದು ಶುಭಾಂಗಿಗೆ ನೆನಪಾಯಿತು; ಹೊಳೆವ್ವನ ಹಕ್ಕಿಯೂ ಗಟ್ಟಿಯಾಗಿದೆ, ಅದಕ್ಕೆ ಅಳಿವಿನ ಭಯವಿಲ್ಲ, ಅಷ್ಟೇ.

ಮರುದಿನ ಅವಳು ಬೇಗನೆ ಬಂದು ಚಾರ್ಟಿನಿಂದ ತನ್ನ ಚಿತ್ರವನ್ನು ಕಿತ್ತಳು. ಒಂದು ರೆಕ್ಕೆಯ ತುದಿ ಹರಿಯಿತು. ಅದನ್ನು ಎಡಗಡೆಗೆ ಸರಿಸಿ ಅಂಟಿಸಿದಳು.

"ನಿನ್ನ ಜೈಂಟ್ ಮೂಲಿಗಿ ಹೋತೇನ?" ಎಂದು ವಿಶ್ವಾಸ ಹಂಗಿಸಿದ. ಅವಳು ತಿರುಗಿಯೂ ನೋಡಲಿಲ್ಲ.

ಚಾರ್ಟಿನ ಖಾಲಿ ಬಲಗಡೆಯನ್ನು ಆಗಷ್ಟೇ ಬಂದ ಹೊಳೆವ್ವನ ಕಡೆ ತಿರುಗಿಸಿ, ಅದರ ಮೇಲೆ ಗಮ್ ಬಾಟಲಿ ಇಟ್ಟಳು.