ಕೆನ್ನೆಯೊಳಗಿನ ಖಾಲಿ ಕೋಣೆ

ಅಕ್ಕಸಾಲಿಗ ಯಮನೂರಪ್ಪ ಪತ್ತಾರನ ಅಂಗಡಿಯ ಬೀಗ ಮುರಿದಿತ್ತು. ಒಳಗಿನ ಕಬ್ಬಿಣದ ಪೆಟ್ಟಿಗೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರಲ್ಲಿದ್ದ ಕಾಶಿಬಾಯಿಯ ಬಂಗಾರದ ಗುಂಡಿನ ಸರ, ಬೋರಮಾಳ, ಮಾಯ!

ಗಜೇಂದ್ರಗಡದ ಪೇಟೆಗೆ ಪೇಟೆಯೇ ಮುಖ ತೊಳೆಯದೆ ಅಲ್ಲಿ ನೆರೆದಿತ್ತು. ಕಳ್ಳತನವಾಯಿತೆಂದು ಕೂಗಿ ಎಲ್ಲರನ್ನೂ ಎಬ್ಬಿಸಿದವನು ಯಮನೂರಪ್ಪನೇ. ಪೊಲೀಸ್ ಫೌಜದಾರ ನಿಜಾಮುದ್ದೀನರು ಸೈಕಲ್ ಒರಗಿಸಿ ಒಳಗೆ ನುಗ್ಗಿದರು. ಊರು ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷವದು. ಅವರ ಟೊಪ್ಪಿಗೆ ಇನ್ನೂ ಮುಂಬೈಯದೇ.

ಕಾಶಿಬಾಯಿ ಹೊಸ್ತಿಲ ಮೇಲೆ ಕುಸಿದಿದ್ದಳು. ಮುಂದಿನ ವಾರ ಮಗಳ ಮದುವೆ. ಬೋರಮಾಳದ ಕೊಂಡಿಯೊಂದು ಬಿಟ್ಟಿತ್ತು, ಬೆಸೆದುಕೊಡು ಎಂದು ಕೊಟ್ಟಿದ್ದಳು. ಅಂಗಡಿ ದಾಟಿಸಬಾರದೆಂದು ಪತ್ತಾರನಿಂದ ಮಾತು ಬೇರೆ ತೆಗೆದುಕೊಂಡಿದ್ದಳು.

ಫೌಜದಾರರು ಬಂಗಾರ ಕಾಯಿಸುವ ಕುಂಪಟೆಯ ಬೂದಿ ಕೆದರಿದರು. ಏನೋ ಹೊಳೆಯಿತು. ಬೋರಮಾಳದ ಒಂದು ಗುಂಡು!

ಗುಂಪು ಗುಲ್ಲೆದ್ದಿತು. ಪಕ್ಕದ ಜವಳಿ ಅಂಗಡಿಯ ಹೊಳಿಯಪ್ಪ ಮುಂದೆ ಬಂದ.

"ನಾನ ಕಣ್ಣಾರೆ ನೋಡೇನ್ರಿ ಸಾಹೇಬ್ರ. ನಿನ್ನಿ ಸಂಜಿಮುಂದ ಇಲ್ಲೇ ಕುಂತು ಕೊಳವಿ ಊದಾಕತ್ತಿದ್ದ. ಗಲ್ಲ ಹಿಂಗ ಉಬ್ಬಿದ್ದು. ಕೆಂಡ ನಿಗಿನಿಗಿ ಅನ್ನಾಕತ್ತಿತ್ತು."

ಬೋರಮಾಳ ಕರಗಿಸಿ ನುಂಗಿ, ಬೀಗ ತಾನೇ ಮುರಿದು ನಾಟಕ ಕಟ್ಟಿದ್ದಾನೆ ಎಂದು ಊರು ತೀರ್ಪು ಕೊಟ್ಟೇಬಿಟ್ಟಿತು. ಊರಿಗೆ ತೀರ್ಪು ಕೊಡುವುದಕ್ಕೆ ಹೆಚ್ಚು ಹೊತ್ತು ಬೇಕೇ? ಫೌಜದಾರರು ಯಮನೂರಪ್ಪನಿಗೆ ನೀರು ಕೊಟ್ಟರು. ಕುಡಿದ. ಮರುಕ್ಷಣ ಮೂಗಿನಿಂದ ನೀರು ಇಳಿಯಿತು. ಅವನು ಲಗುಬಗೆಯಿಂದ ರುಮಾಲಿನಲ್ಲಿ ಒರೆಸಿಕೊಂಡ. ಅಳುತ್ತಿದ್ದಾನೆ ಎಂದುಕೊಂಡರು ಎಲ್ಲರೂ. ಫೌಜದಾರರೂ ಹಾಗೆಯೇ ತಿಳಿದರು.

*

ನಿನ್ನೆ ಪತ್ತಾರನ ಹೆಂಡತಿಯ ತಮ್ಮ ಬಂದಿದ್ದನೆಂದೂ, ಬಗಲಲ್ಲಿ ಗಂಟು ಇಟ್ಟುಕೊಂಡು ನರಗುಂದದ ಬಸ್ಸು ಹತ್ತಿದನೆಂದೂ ಯಾರೋ ಹೇಳಿದರು. ಯಮನೂರಪ್ಪನನ್ನು ಠಾಣೆಯಲ್ಲಿ ಕೂರಿಸಿ ಫೌಜದಾರರು ನರಗುಂದಕ್ಕೆ ಓಡಿದರು. ಆ ಹುಡುಗನೂ ಪತ್ತಾರನೇ. ಗಂಟು ಬಿಚ್ಚಿಸಿದರೆ ಒಳಗೆ ಮೂಗುತಿ, ಝುಮಕಿ, ಉಂಗುರ! ಫೌಜದಾರರು ಹಿಗ್ಗಿದರು. ಕಳ್ಳ ಸಿಕ್ಕಿಬಿಟ್ಟ!

ಸಿಕ್ಕಿರಲಿಲ್ಲ. ಬೋರಮಾಳ ಅದರಲ್ಲಿರಲಿಲ್ಲ. ಅವೆಲ್ಲ ಯಮನೂರಪ್ಪನ ಗಿರಾಕಿಗಳ ಒಡವೆಗಳು. ಕೊಳವೆ ಊದಿ ಬೆಸೆಯುವ ಕೆಲಸವನ್ನೆಲ್ಲ ಈಗ ಗುಟ್ಟಾಗಿ ಇವನೇ ಮಾಡುತ್ತಿದ್ದ.

"ಮಾಮಾಗ ಊದಾಕ ಬರವಲ್ದು ಸಾಹೇಬ್ರ," ಎಂದ ಹುಡುಗ, ಕಣ್ಣು ತುಂಬಿಕೊಂಡು. "ಇಲ್ಲಿ ಸಂತ್ಯಾಗ ಮ್ಯಾಲಿನ ದವಡಿಹಲ್ಲು ಕೀಳಿಸಿದ. ಅವತ್ತಿಂದ ಕುಡಿದ ನೀರು ಮೂಗಿನ್ಯಾಗ ಬರತೈತಿ."

ಫೌಜದಾರರು ಹಣೆ ಚಚ್ಚಿಕೊಂಡರು. ಬೆಳಿಗ್ಗೆ ಕಂಡದ್ದು ಅಳುವಲ್ಲ! ಆದರೆ ಬಂಧುವಿನ ಮಾತನ್ನು ಯಾವ ಕೋರ್ಟು ನಂಬುತ್ತದೆ? ಬೇಕಾದದ್ದು ಡಾಕ್ಟರ ಮಾತು.

*

ರೋಣದ ದವಾಖಾನೆಯ ಡಾಕ್ಟರ್ ಶಾರದಾಬಾಯಿ ಮರುದಿನ ಯಮನೂರಪ್ಪನನ್ನು ಕಿಟಕಿಯ ಬೆಳಕಿಗೆ ಕೂರಿಸಿದರು. ಬಾಯಿ ತೆರೆದು, ಮೂಗು ಹಿಡಿದುಕೊಂಡು, ಮೂಗಿನಿಂದ ಉಸಿರು ದಬ್ಬಲು ಹೇಳಿದರು. ಕಿತ್ತ ಹಲ್ಲಿನ ಗುಂಡಿಯಿಂದ ಬುಸ್ ಎಂದು ಗಾಳಿ ಬಂತು. ಕೀವಿನ ಗುಳ್ಳೆಯೂ ಬಂತು.

"ಮೂಗಿನ ಸುತ್ತ ಎಲುಬಿನ್ಯಾಗ ನಾಕು ಜೋಡಿ ಖಾಲಿ ಖೋಲಿ ಇರ್ತಾವ," ಎಂದರು ಡಾಕ್ಟರು. "ಹಣಿಯೊಳಗ, ಕಣ್ಣಿನ ನಡುವ, ತಲಿಬುರುಡಿ ಆಳದಾಗ. ಎಲ್ಲಾಕ್ಕಿಂತ ದೊಡ್ಡದು ಗಲ್ಲದ ಎಲುಬಿನ್ಯಾಗ. ಅದರ ನೆಲಕ್ಕ ದವಡಿಹಲ್ಲಿನ ಬೇರು ತಾಗೇ ಇರ್ತಾವ. ಬಾಗಿಲು ಮೂಗಿನ್ಯಾಗ ತೆರಿತದ. ಹಲ್ಲು ಕಿತ್ತವ ಆ ನೆಲಾನ ಒಡದಾನ, ಫೌಜದಾರ್ರ."

ಬಾಯಿಯ ಗಾಳಿ ಈಗ ಆ ಕೋಣೆ ಹೊಕ್ಕು ಮೂಗಿನಿಂದ ಹೊರಬೀಳುತ್ತದೆ. ಗಲ್ಲ ಉಬ್ಬಿಸುವುದೇ ಸಾಧ್ಯವಿಲ್ಲ. ಬಗ್ಗಿದರೆ ಕಣ್ಣಿನ ಕೆಳಗೆ ನೋವು, ದುರ್ನಾತ, ಗೊಣಗು ದನಿ, ಎಲ್ಲವೂ ಕೋಣೆಯಲ್ಲಿ ಕೂತ ಕೀವಿನದೇ ಕಾಟ.

ಇಷ್ಟು ದಿನ ಬಾಯಿ ಬಿಡಲಿಲ್ಲವೇಕೆ ಎಂದು ಫೌಜದಾರರು ಗದರಿದರು.

"ಊದಾಕ ಬಾರದ ಪತ್ತಾರಗ ಯಾರ ಬಂಗಾರ ಕೊಡ್ತಾರ್ರಿ?" ಎಂದ ಯಮನೂರಪ್ಪ. ಜೈಲಿಗಿಂತ ಅವನಿಗೆ ಅದೇ ದೊಡ್ಡ ಭಯವಾಗಿತ್ತು.

*

ಸಂಜೆ ಯಮನೂರಪ್ಪನ ಅಂಗಡಿಯ ಮುಂದೆ ಪಂಚರು ಕೂತರು. ಡಾಕ್ಟರೂ ಬಸ್ಸು ಹತ್ತಿ ಬಂದಿದ್ದರು. ಇಂಥ ತಮಾಷೆ ಬಿಡುವುದುಂಟೇ!

ಹೊಳಿಯಪ್ಪ ಕಂಡದ್ದನ್ನು ಮತ್ತೊಮ್ಮೆ ಹೇಳಿದ. ಕೇಳದಿದ್ದರೂ ಗಲ್ಲ ಉಬ್ಬಿಸಿ ತೋರಿಸಿದ. ಫೌಜದಾರರು ದೀಪ ಹಚ್ಚಿಸಿ ಯಮನೂರಪ್ಪನ ಕೈಗೆ ಊದುಕೊಳವೆ ಕೊಟ್ಟರು. ಡಾಕ್ಟರು ಅವನ ಮೂಗಿನ ಹೊಳ್ಳೆಯ ಕೆಳಗೆ ಒಂದು ಎಳೆ ಹತ್ತಿ ಹಿಡಿದರು.

ಯಮನೂರಪ್ಪ ಜೀವ ಬಿಟ್ಟು ಊದಿದ. ದೀಪ ಮಿಸುಕಲಿಲ್ಲ. ಹತ್ತಿ ಹಾರಿಹೋಯಿತು!

"ಈಗ ಹೇಳು ಹೊಳಿಯಪ್ಪ," ಎಂದರು ಫೌಜದಾರರು. "ನೀ ನೋಡಿದ್ದು ಯಾರ ಗಲ್ಲ?"

ಹೊಳಿಯಪ್ಪ ಬೆವೆತ. ದೀಪ ಹಚ್ಚುವ ಹೊತ್ತಿಗೆ ಪತ್ತಾರರ ಓಣಿಯಲ್ಲಿ ಎಲ್ಲರೂ ಗಲ್ಲ ಉಬ್ಬಿಸಿ ಕೂತಿರುತ್ತಾರೆ. ವರ್ಷಗಟ್ಟಲೆ ಕಂಡದ್ದನ್ನೇ ಆ ಸಂಜೆಯೂ ಕಂಡೆನೆಂದು ಹೇಳಿದರೆ ಯಾರು ಅನುಮಾನಿಸುತ್ತಾರೆ ಎಂದುಕೊಂಡಿದ್ದ. ಸುಳ್ಳಿಗೆ ಬಲ ಬರಲೆಂದು ಒಂದು ಗುಂಡನ್ನು ಕಿತ್ತು ಬೂದಿಗೆ ಎಸೆದಿದ್ದ. ಸುಳ್ಳು ಸಾಕ್ಷಿ ಹೇಳುವ ಅಗತ್ಯ ಯಾರಿಗಿತ್ತು? ಕದ್ದವನಿಗೆ ಮಾತ್ರ! ಅವನ ಅಂಗಡಿಯ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಬಿಚ್ಚಿಸಿದರು. ಕೆಳಗಿನ ಥಾನಿನ ಮಡಿಕೆಯಲ್ಲಿ ಬೋರಮಾಳ ತಣ್ಣಗೆ ಮಲಗಿತ್ತು. ಪೊಲೀಸರು ಹೊಳಿಯಪ್ಪನ ಕೈಗೆ ಬೇಡಿ ಹಾಕಿದರು.

ಜನ ಚದುರಿದರು. ಯಮನೂರಪ್ಪ ತಲೆ ತಗ್ಗಿಸಿಯೇ ನಿಂತಿದ್ದ. ಗುಟ್ಟು ಪೇಟೆಗೆಲ್ಲ ಗೊತ್ತಾಗಿತ್ತಲ್ಲ! ತೂತನ್ನು ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಮುಚ್ಚಬಹುದು, ಮತ್ತೆ ಊದಬಹುದು ಎಂದರು ಡಾಕ್ಟರು. ಅವನು ತಲೆ ಎತ್ತಲಿಲ್ಲ.

ನಿನ್ನೆ ಅವನಿಗೆ ಹಿಡಿಶಾಪ ಹಾಕಿದ್ದ ಕಾಶಿಬಾಯಿ ಎದುರಿಗೆ ಬಂದು ನಿಂತಳು. ನಾಚಿಕೆಯಿಂದ ಅವಳ ದನಿ ಇಳಿದಿತ್ತು.

"ಮಗಳು ಲಗ್ನದಾಗ ಬೋರಮಾಳಕ್ಕ ದಾರ ಕಟ್ಟಿ ಹಾಕ್ಕೊಳ್ಳಲಿ," ಎಂದಳು. "ನಿನ್ನ ಗಲ್ಲ ಮಾಯಲಿ ಯಮನೂರಪ್ಪಾ. ಆಮ್ಯಾಲ ಕೊಂಡಿ ನೀನ ಬೆಸಿ."