ಅರ್ಧಕ್ಕೆ ನಿಂತ ಹೊಲಸು ಪತ್ರ

"ಓದ್ರಿ ಮೇಡಮ್ಮನೋರೆ, ನೀವೇ ಓದ್ರಿ! ಓದಿದ್ರ ಕೈ ತೊಳಕೋಬೇಕು ಅನಸ್ತದ."

ಹೀಗೆನ್ನುತ್ತಲೇ ಪ್ರಿನ್ಸಿಪಾಲ್ ಗುರುಲಿಂಗಯ್ಯನವರು ಆ ಹಾಳೆಯನ್ನು ತಾವೇ ಇನ್ನೊಮ್ಮೆ ಓದಿಕೊಂಡರು. ಅವರ ಮುಖದಲ್ಲಿ ಅಸಹ್ಯ ಇರಲಿಲ್ಲ, ರುಚಿ ಇತ್ತು. ಅದನ್ನು ಕಂಡೇ ಕಮರುನ್ನೀಸಾ ಅವರ ಕೈಯಿಂದ ಹಾಳೆ ಕಸಿದುಕೊಂಡಳು.

ಶಹಾಬಾದಿನ ಆ ಕಾಲೇಜಿಗೆ ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಇಮೇಲ್ ವ್ಯವಸ್ಥೆ ಮಾಡಿಕೊಟ್ಟವಳು ಅವಳೇ. ಮೌಸಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಬರೆದು, ಸಿಬ್ಬಂದಿಯ ಹೆಸರು, ಪಾಸ್‌ವರ್ಡ್ ಇಟ್ಟುಕೊಳ್ಳುವ ಡೈರೆಕ್ಟರಿ ಕಟ್ಟಿದ್ದಳು. ಆಮೇಲೆ ಪತ್ರ ಸಾಗಿಸುವ ಮೇಲ್ ಸರ್ವರನ್ನು ಅದಕ್ಕೆ ಜೋಡಿಸಿದ್ದಳು. ಇಷ್ಟೆಲ್ಲ ಮಾಡಿ ಗುಲ್ಬರ್ಗಾಕ್ಕೆ ಮರಳಿದರೆ, ಅದರಲ್ಲಿ ಹರಿದ ಮೊದಲ ದೊಡ್ಡ ಸುದ್ದಿ ಇಂಥ ಗಟಾರು! ಅದನ್ನು ನೋಡಲೆಂದೇ ಅವಳನ್ನು ಮತ್ತೆ ಕರೆಸಿದ್ದರು.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಹೊಲಸು ಮಾತು. ಬಂದದ್ದು ಇಂಗ್ಲಿಷ್ ಕಲಿಸುವ ರಂಜನಾಗೆ. ಕಳಿಸಿದವರ ಹೆಸರು ದೇವಿಂದ್ರ—ಭಂಕೂರಿನವನು, ಗಣಿತದ ಮೇಷ್ಟ್ರು, ಹೊಸದಾಗಿ ಪರೀಕ್ಷಾ ವಿಭಾಗದ ಮುಖ್ಯಸ್ಥನಾಗಿದ್ದವನು. ಸಂಜೆಗೆ ಕಮಿಟಿ. ಅವನನ್ನು ನೌಕರಿಯಿಂದ ತೆಗೆಯುವುದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು.

"ಇದರ ಝೆರಾಕ್ಸ್ ಎಷ್ಟು ಮಂದಿಗೆ ಕೊಟ್ಟೀರಿ?"

"ಕಮಿಟಿಯವರು ನೋಡಬೇಕಲ್ರಿ…"

"ಆ ಹೆಣ್ಮಗಳ ಹೆಸರು ಊರ ತುಂಬ ಹಂಚೀರಿ ಅನ್ರಿ. ತೋಬಾ!"

ಪತ್ರದ ಕೊನೆಯ ಸಾಲು ಹೀಗಿತ್ತು: 'ಇನ್ನ ಖರೇ ಮಾತು ಕೇಳು.' ಅಲ್ಲಿಗೆ ಮುಗಿದಿತ್ತು.

"ಖರೇ ಮಾತು ಕೇಳು ಅಂದಾಂವ ಹೇಳದೆ ಯಾಕ ಬಿಟ್ಟ?"

"ಹೆದರಿರಬೇಕ್ರಿ," ಎಂದ ಆಫೀಸ್ ಸೂಪರಿಂಟೆಂಡೆಂಟ್ ಖಂಡಪ್ಪ, ಬಾಯಿಯ ಗುಟ್ಕಾ ಒಂದು ದವಡೆಗೆ ಸರಿಸಿ.

ಇಷ್ಟು ಬರೆದವನು ಹೆದರುತ್ತಾನೆಯೇ? ಕಮರುನ್ನೀಸಾ ಎದ್ದಳು. ವರಾಂಡದಲ್ಲಿ ಖಂಡಪ್ಪನೇ ಟೈಪು ಮಾಡಿದ ನೋಟೀಸು: 'ಯಾರೂ ಉಗುಳಬಾರದು.' ಅದರ ಕೆಳಗೆ, 'ತಪ್ಪಿದರೆ ದಂಡ.' ಎರಡರ ನಡುವೆ ಬೇರೆ ಸಾಲಿನಲ್ಲಿ ಒಂಟಿ ಚುಕ್ಕೆ. ನೋಟೀಸಿನ ಬುಡದಲ್ಲೇ ಫರ್ಶಿ ನೆಲವೆಲ್ಲ ಗುಟ್ಕಾ ಉಗುಳಿನಿಂದ ಕೆಂಪಾಗಿತ್ತು. ಸೆರಗು ಮೂಗಿಗೆ ಹಿಡಿದು ದಾಟಿದಳು.

ಸರ್ವರ್ ಕೋಣೆಯ ಬಾಗಿಲು ತೆರೆದರೆ ಉಳ್ಳಾಗಡ್ಡಿಯ ವಾಸನೆ ರಪ್ಪನೆ ಬಡಿಯಿತು. ನೆಲದ ಮೇಲೆ ಹಾಸಿದ ಕೌದಿ. ಸರ್ವರಿನ ಹಿಂದೆ ಮಿರ್ಚಿ ಭಜಿಯ ಎಣ್ಣೆ ಕಾಗದ. ಕೀಬೋರ್ಡಿನ ಸಂದಿಯಲ್ಲಿ ಅಡಿಕೆ ಚೂರು!

"ವಿಠ್ಠಲ್, ಇದೇನು ಸರ್ವರ್ ಖೋಲಿನೋ, ಧರ್ಮಶಾಲಾನೋ?"

ಕಂಪ್ಯೂಟರ್ ವಿಭಾಗದ ವಿಠ್ಠಲ್ ತಲೆ ಕೆರೆದುಕೊಂಡ. "ಇಡೀ ಕಾಲೇಜಿನಾಗ ಎ.ಸಿ. ಇದೊಂದ್ರಾಗೇ ಅದರಿ. ಮಧ್ಯಾಹ್ನ ಖಂಡಪ್ಪ ಸಾಹೇಬ್ರು, ನಾನು ಉಂಡು ಒಂದ್ ಘಳಿಗಿ ಅಡ್ಡಾಗ್ತೀವಿ. ಕೀಲಿ ನಮ್ಮಿಬ್ಬರ ಕಡೀನೇ ಅದ."

"ಸರ್ವರ್ ನಡದದೋ ಇಲ್ಲೋ ನೋಡ್ಲಿಕ್ಕ ನೀ ಇಲ್ಲೇ ಕುಂತು ಪತ್ರ ಟೈಪ್ ಬಡದು ಕಳಸ್ತಿ?"

"ದಿನಾ ಒಂದು ಸಾಲು ಕಳಸ್ತೀನ್ರಿ, ನೀವೇ ಕಲಿಸಿದ್ದಲ್ಲ."

"ಖಂಡಪ್ಪನೋರು ನೋಡ್ತಿರತಾರೇನು?"

"ಬಾಜೂಕೇ ಮಕ್ಕೊಂಡಿರತಾರ್ರಿ."

ದೇವಿಂದ್ರ ಸ್ಟಾಫ್ ರೂಮಿನಲ್ಲಿ ಒಬ್ಬನೇ ಕುಳಿತಿದ್ದ. ಸುತ್ತಲಿನ ಕುರ್ಚಿಗಳನ್ನು ಯಾರೋ ದೂರ ಎಳೆದಿಟ್ಟಿದ್ದರು.

"ಎ.ಸಿ. ಖೋಲಿಗೆ ಊಟಕ್ಕ ಹೋಗ್ತೀರೇನ್ರಿ?" ಎಂದು ಕೇಳಿದಳು ಕಮರುನ್ನೀಸಾ.

ದೇವಿಂದ್ರ ಮೇಲೆ ನೋಡಿದ. "ನನ್ನ ಅಲ್ಲಿ ಕರಿಯಂಗಿಲ್ರಿ. ನನ್ನ ಬುತ್ತಿ ಅವರ ಬುತ್ತಿ ಬಾಜೂಕ ಇಡಬಾರದಂತ. ಆ ಹೊಸ್ತಿಲಾ ನಾ ದಾಟೇ ಇಲ್ಲ."

ಕಮರುನ್ನೀಸಾಳಿಗೆ ಉಗುಳಬೇಕೆನಿಸಿತು. ಆದರೆ ಉಗುಳುವವರು ಆ ಕಾಲೇಜಿನಲ್ಲಿ ಆಗಲೇ ಸಾಕಷ್ಟಿದ್ದರು.

ಎಲ್ಲರನ್ನೂ ಸರ್ವರ್ ಕೋಣೆಗೆ ಕರೆಸಿದಳು. ದೇವಿಂದ್ರ ಹೊಸ್ತಿಲ ಹೊರಗೇ ನಿಂತ. ರಂಜನಾ ಅವನ ಪಕ್ಕಕ್ಕೆ ಬಂದು ನಿಂತಳು.

"ದೇವಿಂದ್ರನ್ನ ತೆಗೆಯೋ ಆದೇಶ ಇಮೇಲ್‌ನಾಗೇ ಹೋಗ್ಲಿ. ಎರಡು ಪ್ಯಾರಾ. ಮೊದಲ ವಿಠ್ಠಲ್ ಬಡೀಲಿ, ಆಮ್ಯಾಲ ಖಂಡಪ್ಪನೋರು. ಯಾರದು ಛಲೋ ಅದನೋ ಅದು ಇಡೋಣ," ಎಂದಳು. ವಿಳಾಸವನ್ನೆಲ್ಲ ತಾನೇ ಹೊಡೆದು ಕೊಟ್ಟಳು. ಎರಡೂ ತನ್ನ ಇಮೇಲ್ ಪೆಟ್ಟಿಗೆಗೇ ಬರುವಂತೆ.

ವಿಠ್ಠಲ್ ಒಂದು ಪ್ಯಾರಾ ಬರೆದ, ಖಾಲಿ ಸಾಲು ಬಿಟ್ಟ, ಇನ್ನೊಂದು ಬರೆದ. ಕಟ್ಟಕಡೆಗೆ ಬೇರೆ ಸಾಲಿನಲ್ಲಿ ಒಂದು ಚುಕ್ಕೆಯಿಟ್ಟ. ಪತ್ರ ಹೋಯಿತು.

ಖಂಡಪ್ಪ ಹುರುಪಿನಿಂದ ಕುಳಿತ. ಬೆರಳು ಟಕಟಕ ಓಡಿದವು. ಮೊದಲ ಪ್ಯಾರಾ ಮುಗಿಯಿತು. ಮುಂದಿನ ಸಾಲಿನಲ್ಲಿ ಒಂದೇ ಒಂದು ಚುಕ್ಕೆ. ಮತ್ತೆ ಟಕಟಕ—

ಪರದೆ ಇಂಗ್ಲಿಷಿನಲ್ಲಿ ಗದರಿತು: ಈ ಆಜ್ಞೆ ತಿಳಿಯಲಿಲ್ಲ. ಮತ್ತೊಂದು ಸಾಲು—ತಿಳಿಯಲಿಲ್ಲ. ಖಂಡಪ್ಪನ ಕೈ ನಿಂತಿತು.

"ಯಾಕ ನಿಂತ್ರಿ? ಆವತ್ತೂ ಹಿಂಗೇ ಗದರಿಸ್ತು, ಹೌದಲ್ಲ?"

"ಯಾ… ಯಾವತ್ತು?"

ಕಮರುನ್ನೀಸಾ ಗುರುಲಿಂಗಯ್ಯನವರತ್ತ ತಿರುಗಿದಳು.

"ಕೇಳ್ರಿ ಸರ್. ಬ್ಯಾರೆ ಕಂಪ್ಯೂಟರಿನಿಂದ ಕಳಿಸಿದ್ರ ಸರ್ವರು ಡೈರೆಕ್ಟರಿಗೆ ಕೇಳ್ತದ—ಇಂವ ಯಾರು, ಪಾಸ್‌ವರ್ಡ್ ಖರೇ ಏನು ಅಂತ. ಸರ್ವರಿನ ಎದುರೇ ಕುಂತು ಬಡದ್ರ ಕೇಳಂಗಿಲ್ಲ, ಯಾರ ಹೆಸರು ಹಾಕಿದ್ರೂ ನಂಬ್ತದ. ಈ ಹೊಲಸು ಪತ್ರಕ್ಕ ಅದು ಪಾಸ್‌ವರ್ಡ್ ಕೇಳೇ ಇಲ್ಲ, ನಾ ಸರ್ವರಿನ ದಾಖಲೆದಾಗ ನೋಡೀನಿ. ಅಂದ್ರ ಇದೇ ಕುರ್ಚಿ ಮ್ಯಾಲ ಕುಂತು ಬರದದ್ದು. ಕೀಲಿ ಇಬ್ಬರ ಕಡಿ. ವಿಠ್ಠಲ್ ಬರದಿದ್ರ ಪತ್ರ ಪೂರಾ ಹೋಗ್ತಿತ್ತು. ಯಾಕಂದ್ರ ಒಂದು ಸಾಲಿನಾಗ ಬರೇ ಒಂಟಿ ಚುಕ್ಕಿ ಇಟ್ರ ಪತ್ರ ಮುಗೀತದ ಅನ್ನೋದು ಅವಗ ಗೊತ್ತದ. ಮಕ್ಕೊಂಡು ಓರೆಗಣ್ಣಿಲೆ ಕಲ್ತವರಿಗೆ ಗೊತ್ತಿಲ್ಲ. ಹಳೇ ಟೈಪಿಸ್ಟ್, ಎರಡು ಪ್ಯಾರಾದ ನಡು ಚುಕ್ಕಿ ಇಡೋ ಚಾಳಿ—ಹೊರಗಿನ ನೋಟೀಸ್ ನೋಡ್ರಿ. ಆ ಚಾಳಿನೇ ಪತ್ರದ ಕುತ್ತಿಗಿ ಹಿಸುಕ್ತು. ಇದನ್ನ ಬರದಾಂವ ಖಂಡಪ್ಪ!"

"ಹಂಗಾದ್ರ ಏನ್ ಮಾಡಬೇಕಿತ್ರಿ?" ಖಂಡಪ್ಪ ಒಮ್ಮೆಲೇ ಕಿರುಚಿದ. "ನಿನ್ನೆ ಮೊನ್ನೆ ಬಂದಾಂವ, ಪರೀಕ್ಷಾ ಮುಖ್ಯಸ್ಥ! ಇಂಥಾಂವನ ಮುಂದ ನಾ ಎದ್ದು ನಿಂದ್ರಬೇಕೇನು?"

"ಅದಕ್ಕ ನನ್ನ ಮೈ ಮ್ಯಾಲ ಹೊಲಸು ಚೆಲ್ಲಿದ್ಯಾ?" ರಂಜನಾ ಹೊಸ್ತಿಲು ದಾಟಿ ಒಳಗೆ ಬಂದಳು. "ಥೂ! ನೀನೂ ಮನುಷ್ಯಾನೇ?"

ಗುರುಲಿಂಗಯ್ಯನವರು ಕೆಮ್ಮಿದರು. "ಆಗಿದ್ದು ಆಗಿಹೋತು. ಹೊಲಸು ಕೆದರಿದ್ರ ವಾಸನಿನೇ ಬರೋದು. ಖಂಡಪ್ಪಗ ನಾ ಒಳಗೇ ಬುದ್ಧಿ ಹೇಳ್ತೀನಿ. ದೇವಿಂದ್ರ, ನೀವು ಖುಷಿಲೆ ಕ್ಲಾಸಿಗೆ ಹೋಗ್ರಿ."

"ಒಳಗೆ ಆಗಂಗಿಲ್ರಿ," ಎಂದಳು ಕಮರುನ್ನೀಸಾ. "ಝೆರಾಕ್ಸ್ ಹಂಚೋವಾಗ ಒಳಗಿತ್ತೇನು? ಎಲ್ಲಾರ ಮುಂದ ಹೇಳ್ರಿ. ಇಲ್ಲಂದ್ರ ರಂಜನಾ ಮೇಡಮ್ಮನೋರ ಜೋಡಿ ನಾನೂ ಪೊಲೀಸ್ ಠಾಣಾಕ್ಕ ನಡೀತೀನಿ."

"ಹೇಳ್ತೀನ್ರಿ, ಹೇಳ್ತೀನಿ!" ಗುರುಲಿಂಗಯ್ಯನವರು ಗಡಿಬಿಡಿಯಿಂದ ದೇವಿಂದ್ರನ ಕಡೆ ಕೈ ಚಾಚಿದರು. "ತಪ್ಪು ತಿಳಕೋಬ್ಯಾಡ್ರಿ. ಈಗ ನನಗ ಪೂರಾ ನಂಬಿಗಿ ಬಂತು."

ದೇವಿಂದ್ರ ಆ ಕೈ ಮುಟ್ಟಲಿಲ್ಲ.

"ನಾ ಬರದಿಲ್ಲಂತ ಮೊದಲ ದಿನನೇ ಹೇಳಿದ್ದೆ ಸರ್. ಆಗ ಮಷೀನು ದೇವಿಂದ್ರನೇ ಅಂತು, ನೀವು ನಂಬಿದ್ರಿ. ಈಗ ಮಷೀನು ಅಲ್ಲ ಅಂತು, ಅದನ್ನೂ ನಂಬಿದ್ರಿ. ನನ್ನ ಮಾತು ಯಾವತ್ತು ನಂಬ್ತೀರಿ?"

ಗುರುಲಿಂಗಯ್ಯನವರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ದೇವಿಂದ್ರ ಕ್ಲಾಸಿಗೆ ಹೋದ.