ಕೊಂದವನೇ ಜೇನು ತರಲಿ

ಕಳೆದ ವರ್ಷ ಕಾಫಿ ಹೂವು ಬಿರಿದ ನಡುಮಧ್ಯಾಹ್ನ ಔಷಧಿ ಹೊಡೆದು, ತೋಟದ ಅಷ್ಟೂ ಜೇನನ್ನು ಕೊಂದವನು, ಊರೆಲ್ಲ ಪಿಚಕಾರಿ ಅಂತಲೇ ಕರೆಯುವ ತಮ್ಮ. ಬೆನ್ನಿಗೆ ಪಂಪು ಏರಿತೆಂದರೆ ಅವನಿಗೆ ಹೂವೂ ಒಂದೇ, ಹುಳವೂ ಒಂದೇ, ಹಿಂದೆ ನಿಂತು ಕೂಗುವ ಅಕ್ಕನೂ ಒಂದೇ. ಆ ದಿನ ಸತ್ತ ಜೇನನ್ನು ಗುಡಿಸಿ ರಾಶಿ ಹಾಕಿದ್ದರೆ ಅದರ ಮರೆಯಲ್ಲಿ ಆನೆಯೊಂದು ಯಾರ ಕಣ್ಣಿಗೂ ಬೀಳದೆ ಮರಿ ಹಾಕಬಹುದಿತ್ತು. ಒಂದು ಹುಳವನ್ನೂ ಹೆಚ್ಚಿಗೆ ಸೇರಿಸಿ ಹೇಳುತ್ತಿಲ್ಲ.

ಹೂವು ಉದುರಿತು, ಕಾಯಿ ಕಚ್ಚಲಿಲ್ಲ. ರೊಬಸ್ಟಾ ಗಿಡದ ಹಟವೇ ಅದು: ತನ್ನ ಪರಾಗ ತನಗೆ ಆಗದು, ಪಕ್ಕದ ಗಿಡದ್ದೇ ಬೇಕು. ಹೊತ್ತು ತರುವವರೇ ಸತ್ತ ಮೇಲೆ ಬರೀ ಗಾಳಿ ಎಷ್ಟು ಅಂತ ತಂದೀತು?

ಈ ವರ್ಷ ಹೂಮಳೆ ಬಿದ್ದ ಆರನೇ ಬೆಳಿಗ್ಗೆ ಅಕ್ಕ ಖಾಲಿ ಜೇನುಪೆಟ್ಟಿಗೆಯನ್ನು ತಮ್ಮನ ಮುಂದೆ ಕುಕ್ಕಿದಳು.

"ಒಂಬತ್ತನೇ ದಿನ ಹೂವು ಬಿರಿಯುತ್ತೆ. ಅಷ್ಟರೊಳಗೆ ಕಾಡಿಂದ ಒಂದು ಗೂಡು, ಪೆಟ್ಟಿಗೆಗೆ ಒಗ್ಗೋ ತುಡುವೆ ಜೇನು ಇಲ್ಲಿರ್ಬೇಕು. ಕೊಂದವನು ನೀನು, ತರೋನೂ ನೀನೇ."

"ಸಿಗದಿದ್ರೆ?"

"ಅಪ್ಪ ನೆಟ್ಟ ಗಿಡಗಳನ್ನ ಬುಡಸಮೇತ ಕೀಳಿಸ್ತೀನಿ. ಮೊದಲ ಗಿಡದ ಜೊತೆಗೇ ನಿನ್ನ ಹಾಸಿಗೆ ಬೇಲಿ ಆಚೆ."

ತಮ್ಮನೊಬ್ಬನನ್ನೇ ನಂಬಿದರೆ ಪೆಟ್ಟಿಗೆಯೂ ವಾಪಸ್ಸು ಬಾರದೆಂದು ಅವಳೂ ಹೊರಟಳು. ದಾರಿ ತೋರಿಸಲು ಉಡಜ್ಜ. ಎಪ್ಪತ್ತು ದಾಟಿದ ಈ ಜೇನುಗಾರ ಬಂಡೆ ಹಿಡಿದರೆ ಬಂಡೆಯೇ "ಬಿಡಪ್ಪಾ" ಅನ್ನಬೇಕು.

ಎರಡು ಹಳ್ಳ, ಒಂದು ಕಣಿವೆ ದಾಟಿದರು. ಮುಳ್ಳುಪೊದೆ ಪಿಚಕಾರಿಯ ಮೈಯನ್ನು ಎಷ್ಟು ಗೀರಿತೆಂದರೆ ಆ ಗೀರುಗಳಲ್ಲಿ ಒಂದು ನಕ್ಷೆ ಓದಬಹುದಿತ್ತು. ರಾತ್ರಿಯ ಚಳಿಯ ಚಿಂತೆಯಂತೂ ಅವನಿಗಿರಲಿಲ್ಲ, ಔಷಧಿ ಹೊಡೆಯುವಾಗ ತೊಡುವ ದಪ್ಪ ಕೋಟು ಹೆಗಲ ಮೇಲಿತ್ತು. ನಾಲ್ಕು ವರ್ಷದಿಂದ ನೀರು ಕಂಡಿರದ ಕೋಟು.

ಏಳನೇ ದಿನ ಅಜ್ಜ ಸತ್ತ ಮರವೊಂದನ್ನು ಸರಸರನೆ ಹತ್ತಿ, ಹೊಗೆ ಹಾಕಿ, ರಾಣಿಹುಳವನ್ನು ಬಿದಿರಿನ ಕೊಳವೆಯಲ್ಲಿ ಹಿಡಿದ. ಗೂಡಿನ ಮೇಣದ ಎರಿಗಳನ್ನು ಕೊಯ್ದು ಪೆಟ್ಟಿಗೆಯ ಚೌಕಟ್ಟಿಗೆ ಕಟ್ಟಿದ. ರಾಣಿ ಒಳಗೆ ಹೋದಳು, ಸಂಜೆಗೆ ಹಿಂಡೆಲ್ಲ ಅವಳ ಹಿಂದೆ ಹೋಯಿತು. ಮಲಗುವ ಮುಂಚೆ ಪಿಚಕಾರಿ ತನ್ನ ಜನ್ಮದಲ್ಲೇ ಮೊದಲ ಒಳ್ಳೆಯ ಕೆಲಸ ಮಾಡಿದ: ಪಾಪ, ಹುಳಗಳಿಗೆ ಚಳಿಯಾದೀತೆಂದು ಪೆಟ್ಟಿಗೆಗೆ ತನ್ನ ಕೋಟು ಹೊದಿಸಿದ.

ಬೆಳಿಗ್ಗೆ ಪೆಟ್ಟಿಗೆ ಮೌನವಾಗಿತ್ತು.

ಅಕ್ಕ ಮುಚ್ಚಳ ತೆಗೆದಳು. ತಳದಲ್ಲಿ ಗೇಣೆತ್ತರಕ್ಕೆ ಸತ್ತ ಹುಳ. ಅಡ್ಡಾದ ರಾಣಿಯ ಒಂದು ಕಾಲು ಇನ್ನೂ ಆಡುತ್ತಿತ್ತು. ನೋಡನೋಡುತ್ತ ಅದೂ ನಿಂತಿತು.

"ಚಳಿಗೇ ಹೀಗಾಗಿರ್ಬೇಕು," ಅಂದ ಪಿಚಕಾರಿ.

ಅಕ್ಕ ಕೋಟನ್ನು ಎತ್ತಿ ಮೂಸಿದಳು. ನಾಲ್ಕು ವರ್ಷದ ಔಷಧಿ. ಅವಳು ಬೈದಿದ್ದರೆ ಅವನು ಉಸಿರಾಡುತ್ತಿದ್ದ.

"ಇನ್ನು ಒಂದೇ ದಿನ," ಅಂದಳು. "ನಡಿ."

ದಾರಿಯಲ್ಲಿ ಅಜ್ಜ ಹುತ್ತವೊಂದರ ಮುಂದೆ ತಟ್ಟನೆ ನಿಂತ. ಅಕ್ಕ ಅವನ ಮುಖ ನೋಡಿದಳು. ಅಜ್ಜ ಕೆಮ್ಮಿ ಮುಂದೆ ನಡೆದ.

ಮಧ್ಯಾಹ್ನ ಗೂಡು ಕಂಡಿತು. ಪ್ರಪಾತದ ಬಾಯಿಗೆ ವಾಲಿದ ಆಲದ ಮರ, ಅದರ ನೆತ್ತಿಯ ಪೊಟರೆ. ಕೆಳಗೆ ನೋಡಿದರೆ ನದಿ ಜನಿವಾರದ ಎಳೆ. ಮೇಲೆ ನೋಡಿದರೆ ಮೋಡ ಕೊಂಬೆಗೆ ತಲೆ ತಾಗಿಸಿಕೊಂಡು "ಅಯ್ಯೋ" ಅನ್ನುತ್ತಿತ್ತು. ಅಳೆದವರು ನಲವತ್ತು ಅಡಿ ಅಂದಾರು. ಅವರು ಹತ್ತಿದವರಲ್ಲ.

"ನನ್ನ ಕಾಲು ಉಳುಕಿದೆ ಮಗಾ," ಅಂದ ಅಜ್ಜ ಎಡಗಾಲು ಹಿಡಿದು.

"ನಾನು ಹತ್ತೋದಾ?"

"ಬಟ್ಟೆ ಬಿಚ್ಚು," ಅಂದಳು ಅಕ್ಕ. "ನಿನ್ನ ಒಂದೊಂದು ನೂಲಲ್ಲೂ ವಿಷ. ಹಳ್ಳದಲ್ಲಿ ಬೂದಿ ಹಚ್ಚಿ ಉಜ್ಜಿಕೊ. ಚಡ್ಡಿ ಒಂದು ಇರ್ಲಿ, ಅಪ್ಪನ ಮಾನಕ್ಕೆ."

ಹತ್ತಿದ. ಬರಿಮೈ, ಸೊಂಟಕ್ಕೆ ಹಗ್ಗ, ಬೆನ್ನಿಗೆ ಬುಟ್ಟಿ, ಮುಷ್ಟಿಯಲ್ಲಿ ಹೊಗೆಯಾಡುವ ಸೂಡಿ, ಹಲ್ಲಲ್ಲಿ ಕೊಳವೆ.

ತೊಗಟೆ ಜಾರಿತು. ಕಾಲು ತಪ್ಪಿತು. ಹಗ್ಗ ಬಿಗಿದು ಉಸಿರು ಕಟ್ಟಿತು.

"ಅಕ್ಕಾ, ಬೀಳ್ತೀನಿ!"

"ರಾಣಿ ಸಿಕ್ಕಿದ ಮೇಲೆ ಬೀಳು!"

ಪೊಟರೆಗೆ ಹೊಗೆ ಊದಿದ. ಗಾಳಿ ಆ ಹೊಗೆಯನ್ನು ಅವನ ಕಣ್ಣಿಗೇ ತಿರುಗಿಸಿತು. ಹಿಂಡು ನುಗ್ಗಿತು. ತುಟಿಗೆ ಒಂದು. ರೆಪ್ಪೆಗೆ ಎರಡು. ಕಿವಿಯೊಳಗೆ ಹೊಕ್ಕದ್ದು ಹೊರಬರುವ ದಾರಿ ಕೇಳುತ್ತ ಕುಟುಕಿತು. ಎರಿಗಳನ್ನು ಬುಟ್ಟಿಗಿಳಿಸಿ ಮತ್ತೆ ಕೈಹಾಕಿದ. ಮೊಣಕೈವರೆಗೆ ತೂರಿಸಿದ ತೋಳು ಅವನದಲ್ಲ, ಬೇರೆ ಯಾರದೋ ಬೆಂಕಿ. ಪೂರಾ ಕುರುಡಾಗುವ ಮುನ್ನ ಕಂಡದ್ದು ಉದ್ದ ಹೊಟ್ಟೆಯ ರಾಣಿ. ಎರಡು ಬೆರಳಲ್ಲಿ, ಹೂವಿಗಿಂತ ಮೆಲ್ಲಗೆ, ಎತ್ತಿ ಕೊಳವೆಗೆ ಬಿಟ್ಟ. ಜನ್ಮದಲ್ಲಿ ಅವನು ಯಾವುದನ್ನೂ ಅಷ್ಟು ಮೆಲ್ಲಗೆ ಮುಟ್ಟಿರಲಿಲ್ಲ.

"ಸಿಕ್ಕಿದ್ಳು!"

ಆಮೇಲೆ ಬಿದ್ದ. ಹಗ್ಗ ಹಿಡಿಯಿತು, ಪಕ್ಕೆಲುಬು ಒಂದು ಹಿಡಿಯಲಿಲ್ಲ. ಅಕ್ಕ ಬೂದಿ ಹಚ್ಚಿ ತೊಳೆದಿಟ್ಟಿದ್ದ ಪೆಟ್ಟಿಗೆಗೆ ಸಂಜೆಯೊಳಗೆ ಹಿಂಡು ರಾಣಿಯ ಹಿಂದೆ ಇಳಿಯಿತು.

ಕುಟುಕು ಮೂರು ಸಾವಿರ ಅಂತ ಅವನ ಲೆಕ್ಕ. ಮುಳ್ಳು ಕಿತ್ತ ಅಜ್ಜ ಅರವತ್ತೆರಡು ಅಂದ. ಇಬ್ಬರಲ್ಲಿ ಅಜ್ಜ ಸುಳ್ಳುಗಾರನೆಂದು ನನ್ನ ಅಭಿಪ್ರಾಯ.

ಒಂಬತ್ತನೇ ಬೆಳಿಗ್ಗೆ ಅವರು ಬೇಲಿ ದಾಟಿದಾಗ ತೋಟವೆಲ್ಲ ಬೆಳ್ಳಗೆ ಬಿರಿದಿತ್ತು. ಪಿಚಕಾರಿಗೆ ಅದು ಕಾಣಲಿಲ್ಲ. ಎರಡೂ ಕಣ್ಣು ಊದಿ ಬನ್ನಾಗಿದ್ದವು. ಘಮ ಬಂತು. ಅಕ್ಕ ಪೆಟ್ಟಿಗೆಯ ಬಾಗಿಲು ತೆರೆದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಗುಂಯ್. ಆಮೇಲೆ ನೂರು.

"ಹೂವಿಗೆ ಕೂತವಾ ಅಕ್ಕಾ?"

"ಕೂತವೆ."

ಉಡಜ್ಜ ನಗು ತಡೆಯಲಾರದೆ ಹೋದ. "ಮಗಾ, ಆ ಹುತ್ತದಲ್ಲೇ ಇತ್ತು ಒಂದು ಗೂಡು. ಮೊಣಕಾಲೆತ್ತರಕ್ಕೆ. ಕೂತ್ಕೊಂಡೇ ತೆಗೀಬಹುದಿತ್ತು. ನಿಮ್ಮಕ್ಕ ಬೇಡ ಅಂತ ಕಣ್ಣಲ್ಲೇ ಅಂದ್ರು."

ಅಜ್ಜ ಹೊರಟ ಸದ್ದಿನಲ್ಲಿ ಯಾವ ಕಾಲೂ ಕುಂಟಲಿಲ್ಲ.

"ನಿಜವಾ ಅಕ್ಕಾ?"

"ಮೆಲ್ಲಗೆ ಮಾತಾಡು. ಹುಳ ಕೆಲ್ಸ ಮಾಡ್ತಿವೆ."

ಆ ವರ್ಷ ಪೆಟ್ಟಿಗೆಯ ಸುತ್ತಲ ಗಿಡಗಳು ರೆಂಬೆ ಬಾಗುವಷ್ಟು ಕಾಯಿ ಕಚ್ಚಿದವು, ದೂರದವು ಅರ್ಧಂಬರ್ಧ. ಅಪ್ಪನ ಒಂದು ಗಿಡವನ್ನೂ ಅಕ್ಕ ಕೀಳಿಸಲಿಲ್ಲ. ತಮ್ಮನ ಹಾಸಿಗೆಯೂ ಮನೆಯೊಳಗೇ ಉಳಿಯಿತು, ಎಚ್ಚರಿಕೆಗೆಂದು ಬಾಗಿಲಿಗೆ ನಾಲ್ಕು ಗೇಣು ಹತ್ತಿರ ಸರಿದು.